ನೂರಕ್ಕೆ ಎರಡು

“ನೂರಕ್ಕೆ ಎರಡು ರೂಪಾಯಿ ಹಿಡ್ಕೊಂತಾರಪ್ಪ” ಎಂದೆ. ಅಪ್ಪ ಕಿರ್ದಿ ಪುಸ್ತಕದಿಂದ ತಲೆ ಎತ್ತದೆ ಕೇಳಿದ: “ತಿಂಗಳಿಗಾ?”

ನಮ್ಮೂರ ವ್ಯಾಪಾರದಲ್ಲಿ ‘ನೂರಕ್ಕೆ ಎರಡು’ ಎಂಬ ಮಾತಿಗೆ ಇರುವುದು ಒಂದೇ ಅರ್ಥ. ಅದು ಬಡ್ಡಿ, ತಿಂಗಳ ಬಡ್ಡಿ. ಡೆನಿಮ್ ಥಾನು ತರಿಸಲು ಸಾಲ ಎತ್ತಿದವರು, ಮಗಳ ಮದುವೆಗೆ ಎತ್ತಿದವರು, ಶನಿವಾರದ ಬಟವಾಡೆಗೆ ಕೈಗಡ ತಂದವರು, ಎಲ್ಲರ ಬಾಯಲ್ಲೂ ಅದೇ ಲೆಕ್ಕ. ಹಾಗಾಗಿ ಕಾರ್ಡಿನಲ್ಲಿ ದುಡ್ಡು ತೆಗೆದುಕೊಂಡರೆ ನೂರಕ್ಕೆ ಎರಡು ಹೋಗುತ್ತದೆ ಎಂದಾಗ ಅಪ್ಪನಿಗೆ ಮೊದಲು ಹೊಳೆದದ್ದು ತಿಂಗಳು. “ತಿಂಗಳಿಗಲ್ಲ, ಒಂದೇ ಸಲ. ಒಂದು ಪ್ಯಾಂಟು ಮಾರಿದ್ರೆ ಒಂದು ಸಲ” ಎಂದೆ. ಆಗ ಪೆನ್ನು ಕೆಳಗಿಟ್ಟ. “ದುಡ್ಡು ಯಾವಾಗ ಬರ್ತೈತೆ?” “ಎರಡು ದಿನಕ್ಕೆ. ಬ್ಯಾಂಕು ತೆಗೆದಿರೋ ಎರಡು ದಿನ.” ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: “ಹಂಗಾದ್ರೆ ಅದು ಬಡ್ಡಿ ಅಲ್ಲವ್ವ. ಕೂಲಿ.”

ಅದು 2018ರ ಏಪ್ರಿಲ್. ಕೌಲ್ ಬಜಾರಿನ ನಮ್ಮ ಮನೆಯ ಮುಂದಿನ ಪಡಸಾಲೆಯಲ್ಲಿ ಆರು ಹೊಲಿಗೆ ಮಿಷನ್ನು, ಒಂದು ಓವರ್‌ಲಾಕ್, ಒಂದು ಕಾಜಾ ಮಿಷನ್ನು ಇದ್ದವು. ಬಳ್ಳಾರಿಯ ಬಿಸಿಲು ತಗಡಿನ ಮೇಲೆ ಇಳಿದು ಕೆಳಗೆ ಕೂತವರ ನೆತ್ತಿ ಸುಡುತ್ತಿತ್ತು. ಕೌಲ್ ಬಜಾರ್ ಬೆಳೆದದ್ದೇ ಬ್ರಿಟಿಷರ ದಂಡಿನ ಪಕ್ಕದ ಬಜಾರಾಗಿ. ಸಿಪಾಯಿಗಳ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳ ಕೈಗೆ ಮುಂದೆ ಬಂದದ್ದು ಡೆನಿಮ್. ನನ್ನ ತಾತ ಖಾಕಿ ಹೊಲಿದ, ಅಪ್ಪ ಜೀನ್ಸ್ ಹೊಲಿದ. ಮಿಷನ್ನು ಬದಲಾಯಿತು, ಓಣಿ ಬದಲಾಗಲಿಲ್ಲ.

ಆದರೆ ಹೊಲಿದ ಪ್ಯಾಂಟಿನ ಮೇಲೆ ನಮ್ಮ ಹೆಸರು ಇರುತ್ತಿರಲಿಲ್ಲ. ಹೊರರಾಜ್ಯದ ಪಾರ್ಟಿಗಳು ಹೇಳಿದ ಲೇಬಲ್ ಹಚ್ಚಿ, ಗೋಣಿ ಕಟ್ಟಿ, ಲಾರಿ ಆಫೀಸಿಗೆ ಹಾಕಿ ರಸೀದಿ ತರುವುದಕ್ಕೆ ನಮ್ಮ ಕೆಲಸ ಮುಗಿಯುತ್ತಿತ್ತು. ದುಡ್ಡು ಬರುತ್ತಿದ್ದದ್ದು ಎರಡು ತಿಂಗಳಿಗೆ, ಮೂರು ತಿಂಗಳಿಗೆ. ಬೇಗ ಎಂದರೆ ನಲವತ್ತೈದು ದಿನ. ಮುಂದಿನ ತಾರೀಖಿನ ಚೆಕ್ಕುಗಳನ್ನು ಅಪ್ಪ ದೇವರ ಗೂಡಿನಲ್ಲಿ ಇಡುತ್ತಿದ್ದ. ಅವುಗಳಲ್ಲಿ ಕೆಲವು ಬ್ಯಾಂಕಿಗೆ ಹೋಗಿ ಹಾಗೆಯೇ ತಿರುಗಿ ಬರುತ್ತಿದ್ದವು. ಒಬ್ಬ ಪಾರ್ಟಿ ನಮ್ಮ ಎರಡು ಲಕ್ಷಕ್ಕೂ ಮೇಲ್ಪಟ್ಟ ಬಾಕಿಯನ್ನು ಹದಿನಾಲ್ಕು ತಿಂಗಳು ಎಳೆದ. ಆ ಹದಿನಾಲ್ಕು ತಿಂಗಳೂ ಅಪ್ಪ ಬೇರೆಯವರಿಗೆ ನೂರಕ್ಕೆ ಎರಡು ಕಟ್ಟಿದ. ಕೊನೆಗೆ ದುಡ್ಡು ಬಂದಾಗ ಅಸಲಿನ ಕಾಲುಭಾಗಕ್ಕಿಂತ ಹೆಚ್ಚು ಬಡ್ಡಿಗೇ ಹೋಗಿತ್ತು. ಅದನ್ನು ಕೂಡಿಸಿ ತೋರಿಸಿದವಳು ನಾನು. ಬಿ.ಕಾಂ. ಓದಿದ ಮಗಳು ಮನೆಯಲ್ಲಿದ್ದರೆ ಇಂಥ ಲೆಕ್ಕಗಳು ಹೊರಗೆ ಬೀಳುತ್ತವೆ.

2016ರ ನವೆಂಬರ್ 8ರ ರಾತ್ರಿಯನ್ನು ನಮ್ಮ ಓಣಿ ಮರೆಯುವುದಿಲ್ಲ. ಐನೂರು, ಸಾವಿರದ ನೋಟು ನಿಂತವು. ಪೀಸಿನ ಲೆಕ್ಕದಲ್ಲಿ ದುಡಿಯುವವರಿಗೆ ಶನಿವಾರ ಸಂಜೆ ಕೈಗೆ ನೋಟು ಬಂದರೆ ಭಾನುವಾರ ಒಲೆ ಹೊತ್ತುತ್ತದೆ. ಮೂರು ಶನಿವಾರ ಅಪ್ಪ ಅರ್ಧರ್ಧ ಬಟವಾಡೆ ಮಾಡಿದ. ಆ ದಿನಗಳಲ್ಲೇ ನಮ್ಮ ಬೀದಿಯ ಒಂದೆರಡು ಅಂಗಡಿಗಳಿಗೆ ಕಾರ್ಡ್ ಉಜ್ಜುವ ಮಿಷನ್ನು ಬಂತು. ಅದನ್ನು ನೋಡಿ ನನಗೊಂದು ವಿಚಾರ ಹತ್ತಿತು: ಗಿರಾಕಿ ನಮ್ಮ ಅಂಗಡಿಗೆ ಬರುವುದಿಲ್ಲ, ನಮಗೆ ಅಂಗಡಿಯೇ ಇಲ್ಲ. ಆದರೆ ಬೆಂಗಳೂರಿನಲ್ಲಿ ಕೂತವನು ಮೊದಲು ದುಡ್ಡು ಕೊಟ್ಟು ಆಮೇಲೆ ಪ್ಯಾಂಟು ತರಿಸಿಕೊಳ್ಳುವಂತಾದರೆ?

ಅಪ್ಪನಿಗೆ ಗೊತ್ತಿದ್ದದ್ದು ವಿಪಿಪಿ. ಪೋಸ್ಟ್‌ಮನ್ ಪಾರ್ಸಲ್ ಹಿಡಿದು ಬಾಗಿಲಿಗೆ ಬರುತ್ತಾನೆ, ದುಡ್ಡು ಎಣಿಸಿಕೊಂಡು ಪಾರ್ಸಲ್ ಕೊಡುತ್ತಾನೆ. ಅಲ್ಲಿ ಮಾಲು ಕಣ್ಣೆದುರಿಗೆ ಬಂದಮೇಲೆ ದುಡ್ಡು. ಕಾರ್ಡಿನದು ಉಲ್ಟಾ. ಮುಖ ನೋಡದವನು, ಊರು ನೋಡದವನು, ಬಟ್ಟೆ ಮುಟ್ಟದವನು ಮೊದಲೇ ದುಡ್ಡು ಕೊಡಬೇಕು. “ನಮ್ಮನ್ನ ಯಾಕೆ ನಂಬ್ತಾನೆ ಅವನು?” ಎಂದು ಅಪ್ಪ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರ ಹುಡುಕಲು ನಮಗೆ ಇಡೀ ಬೇಸಿಗೆ ಹಿಡಿಯಿತು.

ನಮ್ಮ ಹೆಸರಿನಲ್ಲೇ ಒಂದು ಜಾಲತಾಣ ಮಾಡಿ, ಅದರಲ್ಲಿ ಕಾರ್ಡಿನ ದುಡ್ಡು ಪಡೆಯಲು ಪೇಮೆಂಟ್ ಗೇಟ್‌ವೇ ಕಂಪನಿಯೊಂದಕ್ಕೆ ಅರ್ಜಿ ಹಾಕಿದೆ. ಆ ಹೊತ್ತಿಗೆ ಬೆಂಗಳೂರಿನಲ್ಲೇ ಇಂಥ ಕೆಲವು ಕಂಪನಿಗಳು ಇದ್ದವು, ಸಣ್ಣ ವ್ಯಾಪಾರಿಗಳನ್ನೂ ಸೇರಿಸಿಕೊಳ್ಳುತ್ತಿದ್ದವು. ನಾನು ಹಾಕಿದ ಅರ್ಜಿ ಮೂರು ಸಲ ತಿರುಗಿ ಬಂತು.

ಮೊದಲ ಸಲ ಖಾತೆಯ ಕಾರಣಕ್ಕೆ. ಅಪ್ಪನದು ಉಳಿತಾಯ ಖಾತೆ. ವ್ಯಾಪಾರದ ಹೆಸರಿನಲ್ಲೇ ಚಾಲ್ತಿ ಖಾತೆ ಬೇಕು ಎಂದರು. ಅಪ್ಪನ ಆ ಹಳೆಯ ಖಾತೆಗೆ ಒಂದು ಚರಿತ್ರೆಯೇ ಇದೆ. 1976ರಲ್ಲಿ ಬಳ್ಳಾರಿಯಲ್ಲಿ ಶುರುವಾದ ತುಂಗಭದ್ರಾ ಗ್ರಾಮೀಣ ಬ್ಯಾಂಕಿನಲ್ಲಿ ತೆಗೆದ ಖಾತೆ ಅದು. 2005ರಲ್ಲಿ ಆ ಬ್ಯಾಂಕು ಪ್ರಗತಿ ಗ್ರಾಮೀಣ ಬ್ಯಾಂಕಾಯಿತು, 2013ರಲ್ಲಿ ಪ್ರಗತಿ ಕೃಷ್ಣವಾಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಪಾಸ್‌ಬುಕ್ಕಿನ ರಟ್ಟು ಬದಲಾಗುತ್ತಾ ಹೋದರೂ ಅಪ್ಪ ಇವತ್ತಿಗೂ ಅದನ್ನು ‘ತುಂಗಭದ್ರಾ’ ಎಂದೇ ಕರೆಯುವುದು. ವ್ಯಾಪಾರದ ಪರವಾನಗಿ, ಪಾನ್ ಕಾರ್ಡು, ಜಿಎಸ್‌ಟಿ ನಂಬರು ಎಲ್ಲ ಹಿಡಿದುಕೊಂಡು ಹೋಗಿ ಚಾಲ್ತಿ ಖಾತೆ ತೆಗೆದೆವು. ಜಿಎಸ್‌ಟಿ 2017ರ ಜುಲೈ 1ರಂದು ಬಂದಾಗಲೇ ನೋಂದಣಿ ಆಗಿದ್ದರಿಂದ ಆ ಒಂದು ಓಡಾಟ ತಪ್ಪಿತು.

ಎರಡನೆಯ ಸಲ ಊರಿನ ಹೆಸರಿಗೆ. ಕರ್ನಾಟಕದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರನ್ನು ಸರ್ಕಾರ 2014ರ ನವೆಂಬರ್ 1ರಂದು ಬದಲಿಸಿತಲ್ಲ, ಬಳ್ಳಾರಿಯೂ ಅದರಲ್ಲಿ ಒಂದು. ಕನ್ನಡದಲ್ಲಿ ನಾವು ಯಾವತ್ತೂ ಬರೆದದ್ದು ಬಳ್ಳಾರಿಯೇ. ಆದರೆ ಅಪ್ಪನ ಹಳೆಯ ಕಾಗದಗಳಲ್ಲಿ ಬ್ರಿಟಿಷರ ಕಾಲದ ಇಂಗ್ಲಿಷ್ ಕಾಗುಣಿತ, ಹೊಸ ಕಾಗದಗಳಲ್ಲಿ ಹೊಸ ಕಾಗುಣಿತ. ಅಲ್ಲೆಲ್ಲೋ ಕೂತು ನಮ್ಮ ಕಾಗದ ನೋಡುವವರಿಗೆ ಅವು ಎರಡು ಬೇರೆ ಊರುಗಳಾಗಿ ಕಂಡವು. ವಿಳಾಸ ಹೊಂದುತ್ತಿಲ್ಲ ಎಂದು ಬರೆದರು. ಸರ್ಕಾರದ ಆದೇಶದ ಪ್ರತಿ ಲಗತ್ತಿಸಿ, ಎರಡೂ ಒಂದೇ ಊರು ಎಂದು ಪತ್ರ ಬರೆದೆ. ಹನ್ನೊಂದು ದಿನ ಕಾದೆ. ಹುಟ್ಟಿ ಬೆಳೆದ ಊರು ಇರುವುದು ನಿಜ ಎಂದು ಪುರಾವೆ ಒದಗಿಸುವ ಹಾಗಾದಾಗ ನಿಜವಾಗಿಯೂ ನೋವಾಯಿತು.

ಮೂರನೆಯದು ವಾಪಸಿನ ನಿಯಮ. ಈ ಬರಹ ಬರೆಯಲು ಕೂತದ್ದೇ ಅದರ ಸಲುವಾಗಿ.

ನಮ್ಮ ಜಾಲತಾಣದಲ್ಲಿ ಮಾಲು ವಾಪಸು ಮಾಡುವ, ದುಡ್ಡು ಮರಳಿಸುವ, ಸಾಗಿಸುವ ನಿಯಮಗಳ ಪುಟ ಇಲ್ಲ, ಹಾಗಾಗಿ ಮಂಜೂರು ಮಾಡಲಾಗದು ಎಂದು ಬಂತು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ದೊಡ್ಡ ಬಟ್ಟೆ ಕಂಪನಿಯೊಂದರ ಪುಟವನ್ನು ಇಂಗ್ಲಿಷಿನಲ್ಲಿ ಹಾಗೇ ಎತ್ತಿ, ಅವರ ಹೆಸರಿದ್ದ ಕಡೆ ನಮ್ಮ ಹೆಸರು ಹಾಕಿದೆ. ರಾತ್ರಿ ಊಟವಾದ ಮೇಲೆ ಅಪ್ಪ, “ಏನ್ ಬರ್ದೀಯ, ಕನ್ನಡದಾಗೆ ಓದಿ ಹೇಳು” ಎಂದ. ಒಂದೊಂದೇ ಸಾಲು ಬಿಡಿಸಿ ಹೇಳಿದೆ. ಕಂಪನಿಗೆ ಸರಿಕಂಡರೆ, ಕಂಪನಿಯ ವಿವೇಚನೆಗೆ ಒಳಪಟ್ಟು, ಕಂಪನಿ ಹೊಣೆಯಲ್ಲ. ಎಲ್ಲ ಕೇಳಿ ಅಪ್ಪ ಅಂದ: “ಇದರಾಗೆ ಕೊಡ್ತೀವಿ ಅಂತ ಒಂದು ಮಾತೂ ಇಲ್ಲಲ್ಲವ್ವ. ಎಲ್ಲಾ ಕೊಡದೇ ಇರೋಕೆ ಬರೆದಂಗೈತೆ.”

ಆ ಕಾಗದ ಹರಿದು ಹಾಕಿ ನಾವೇ ಬರೆಯಲು ಕೂತೆವು. ಅಪ್ಪ, ನಾನು, ಕಟಿಂಗ್ ಮಾಸ್ತರು. ಮಾಸ್ತರನ್ನು ನಾನು ಚಿಕ್ಕಂದಿನಿಂದ ಚಾಚಾ ಎಂದೇ ಕರೆದವಳು. ಮೂವತ್ತು ವರ್ಷ ಡೆನಿಮ್ ಕತ್ತರಿಸಿದ ಕೈ ಅವರದು. ಮೊದಲ ಪ್ರಶ್ನೆಯೇ ಅವರ ಟೇಬಲ್ಲಿಗೆ ಬಂತು: ಸೈಜು ಸರಿ ಆಗಲಿಲ್ಲವೆಂದು ವಾಪಸು ಕಳಿಸಿದರೆ ತಪ್ಪು ಯಾರದು? ಚಾಚಾಗೆ ನೋವಾಯಿತು. “ಬೇಟಿ, ಕಟಿಂಗ್‌ನಾಗೆ 34 ಅಂದ್ರೆ 34. ವಾಷಿಂಗ್‌ಗೆ ಹೋಗಿ ಬಂದ ಮ್ಯಾಲೆ ನನ್ನ ಕೈಯಾಗಿಲ್ಲ” ಎಂದರು. ಹಾಗಾದರೆ ಅಳೆದೇ ನೋಡೋಣ ಎಂದು ಮುಂಡರಗಿಯ ವಾಷಿಂಗ್ ಘಟಕದಿಂದ ಬಂದಿದ್ದ ಕಟ್ಟು ಬಿಚ್ಚಿ, 34ರ ಲೇಬಲ್ ಇದ್ದ ಮೂವತ್ತು ಪ್ಯಾಂಟು ತೆಗೆದು, ಒಂದೊಂದನ್ನೇ ಟೇಪು ಹಿಡಿದು ಸೊಂಟ ಅಳೆದೆವು. ಒಂದು 33 ಇಂಚು. ಒಂದು 35ಕ್ಕೆ ಹತ್ತಿರ. ಸರಿಯಾಗಿ 34 ಇದ್ದವು ಅರ್ಧದಷ್ಟೂ ಇರಲಿಲ್ಲ. ಟೇಪು ಕೈಯಲ್ಲಿ ಹಿಡಿದು ಚಾಚಾ ಬಹಳ ಹೊತ್ತು ಮಾತಾಡಲಿಲ್ಲ.

ಇಷ್ಟು ವರ್ಷ ಇದು ಯಾಕೆ ಗೊತ್ತಾಗಲಿಲ್ಲ? ಗೋಣಿ ಕಟ್ಟಿ ಕಳಿಸುವ ವ್ಯಾಪಾರದಲ್ಲಿ ಪಾರ್ಟಿ ಅಳೆಯುವುದಿಲ್ಲ, ಸಂತೆಯಲ್ಲಿ ಕೊಳ್ಳುವವನು ಹಾಕಿ ನೋಡಿಯೇ ಕೊಳ್ಳುತ್ತಾನೆ. ಕಣ್ಣಿಗೆ ಕಾಣದ ಗಿರಾಕಿಗೆ ಇರುವುದು ನಾವು ಬರೆದ ಅಂಕಿ ಒಂದೇ. ಅವನು ದುಡ್ಡು ಕೊಡುವುದು ಆ ಅಂಕಿಗೆ. ‘ನಮ್ಮನ್ನ ಯಾಕೆ ನಂಬ್ತಾನೆ’ ಎಂದು ಅಪ್ಪ ಕೇಳಿದ್ದಕ್ಕೆ ಉತ್ತರ ಆ ಟೇಪಿನಲ್ಲಿತ್ತು.

ಮರುದಿನದಿಂದ ಚಾಚಾ ಪದ್ಧತಿ ಬದಲಿಸಿದರು. ಹೊಸ ಥಾನು ಬಂದರೆ ಅದರಿಂದ ಒಂದು ಚೌಕ ಕತ್ತರಿಸಿ, ಉದ್ದಕ್ಕೂ ಅಗಲಕ್ಕೂ ಇಪ್ಪತ್ತು ಇಂಚಿನ ಗೆರೆ ಎಳೆದು, ಮೊದಲು ಅದನ್ನಷ್ಟೇ ವಾಷಿಂಗ್‌ಗೆ ಕಳಿಸುವುದು. ತಿರುಗಿ ಬಂದಾಗ ಗೆರೆ ಎಷ್ಟು ಕುಗ್ಗಿದೆಯೋ ನೋಡಿ, ಅಷ್ಟನ್ನು ಪ್ಯಾಟರ್ನಿನಲ್ಲಿ ಕೂಡಿಸಿ, ಆಮೇಲೆ ಕತ್ತರಿ ಹಾಕುವುದು. ದೊಡ್ಡ ಕಾರ್ಖಾನೆಗಳಲ್ಲಿ ಇದು ಮೊದಲಿಂದ ಇರುವ ಕ್ರಮ. ನಮ್ಮ ಪಡಸಾಲೆಗೆ ಅದು ಬಂದದ್ದು ಕಾರ್ಡಿನ ಅರ್ಜಿ ತಿರುಗಿ ಬಂದದ್ದರಿಂದ.

ನಾವು ಬರೆದ ನಿಯಮ ಆರು ಸಾಲು. ಅಳತೆ ನಾವು ಬರೆದದ್ದಕ್ಕಿಂತ ಅರ್ಧ ಇಂಚಿಗಿಂತ ಹೆಚ್ಚು ಆಚೀಚೆ ಇದ್ದರೆ ದುಡ್ಡು ವಾಪಸು, ಕೊರಿಯರ್ ಖರ್ಚೂ ನಮ್ಮದು. ಹೊಲಿಗೆ ಬಿಟ್ಟರೆ, ಜಿಪ್ಪು ಕೆಟ್ಟರೆ ಹಾಗೆಯೇ. ಮನಸ್ಸಿಗೆ ಬರಲಿಲ್ಲ ಎಂದರೂ ಏಳು ದಿನದೊಳಗೆ ವಾಪಸು, ಕೊರಿಯರ್ ಖರ್ಚು ನಿಮ್ಮದು. ಒಗೆದ ಮೇಲೆ ಇಲ್ಲ. ಮೊದಲ ಎರಡು ಒಗೆತಕ್ಕೆ ಬಣ್ಣ ಬಿಡುತ್ತದೆ, ಬಿಳಿ ಬಟ್ಟೆ ಜೊತೆ ಹಾಕಬೇಡಿ. ದುಡ್ಡು ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ, ಬೇರೆ ದಾರಿಯಲ್ಲಿ ಕೇಳಬೇಡಿ. ಮೊದಲು ಕನ್ನಡದಲ್ಲಿ ಬರೆದೆವು, ಇಂಗ್ಲಿಷನ್ನು ಅದರ ಕೆಳಗೆ ಹಾಕಿದೆ. ನಾಲ್ಕನೆಯ ಸಲ ಅರ್ಜಿ ಮಂಜೂರಾಯಿತು.

ಮೊದಲ ಆರ್ಡರ್ ಜೂನ್‌ನಲ್ಲಿ, ಬೆಂಗಳೂರಿನಿಂದ. ಕ್ರೆಡಿಟ್ ಕಾರ್ಡ್. ಒಂದು ಪ್ಯಾಂಟು, 850 ರೂಪಾಯಿ. ನೂರಕ್ಕೆ ಎರಡರಂತೆ 17 ರೂಪಾಯಿ ಅವರದು, ಆ 17ರ ಮೇಲೆ ಶೇಕಡ 18 ಜಿಎಸ್‌ಟಿ 3 ರೂಪಾಯಿ 6 ಪೈಸೆ. ನಮ್ಮ ಖಾತೆಗೆ ಬಂದದ್ದು 829 ರೂಪಾಯಿ 94 ಪೈಸೆ. ಅಪ್ಪ ಕಿರ್ದಿಯಲ್ಲಿ ಪೈಸೆ ಸಮೇತ ಬರೆದ. ಅವನ ಪುಸ್ತಕದಲ್ಲಿ ಪೈಸೆಯ ಕಾಲಂ ಎಷ್ಟೋ ವರ್ಷದಿಂದ ಖಾಲಿ ಬಿದ್ದಿತ್ತು.

ಎರಡು ದಿನದ ಮಾತಿನಲ್ಲಿ ಒಂದು ತೊಡಕು ಇತ್ತು, ಅದನ್ನು ಅನುಭವಿಸಿಯೇ ಕಲಿತೆವು. 2015ರ ಸೆಪ್ಟೆಂಬರ್‌ನಿಂದ ಬ್ಯಾಂಕುಗಳಿಗೆ ಎರಡನೆಯ, ನಾಲ್ಕನೆಯ ಶನಿವಾರ ರಜೆ. ಗುರುವಾರ ಆದ ವ್ಯಾಪಾರದ ದುಡ್ಡು ಆ ವಾರಗಳಲ್ಲಿ ಸೋಮವಾರಕ್ಕೆ ಹೋಗುತ್ತಿತ್ತು. ಬಟವಾಡೆ ಮಾತ್ರ ಶನಿವಾರವೇ. ಆ ದುಡ್ಡನ್ನು ನೆಚ್ಚಿಕೊಂಡು ಬಟವಾಡೆಯ ಮಾತು ಕೊಡಬಾರದು ಎಂದು ಅಪ್ಪ ಮೊದಲ ತಿಂಗಳಲ್ಲೇ ತೀರ್ಮಾನ ಮಾಡಿದ. ಇವತ್ತಿಗೂ ಕಾರ್ಡಿನ ದುಡ್ಡು ಥಾನಿಗೆ, ಕೈಯ ನಗದು ಬಟವಾಡೆಗೆ.

ಇನ್ನೊಂದು ದಿನ ನೆನಪಾಗುತ್ತದೆ. ನಾನು ಸಂಜೆ ಮನೆಗೆ ಬಂದಾಗ ಅಪ್ಪ ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಾ ರಟ್ಟಿನ ಡಬ್ಬಿಯ ಮೇಲೆ ಅಂಕಿ ಬರೆಯುತ್ತಿದ್ದ. ನಾಲ್ಕಂಕಿ, ನಾಲ್ಕಂಕಿ, ನಾಲ್ಕಂಕಿ, ನಾಲ್ಕಂಕಿ. ಅದರ ಕೆಳಗೆ ಮುಗಿಯುವ ತಿಂಗಳು, ವರ್ಷ, ಹಿಂದಿನ ಮೂರು ಅಂಕಿ. ಆ ಕಡೆಯ ಗಿರಾಕಿ, ನನಗೆ ಕಂಪ್ಯೂಟರ್ ಬರಲ್ಲ, ನೀವೇ ಹಾಕಿಕೊಳ್ಳಿ ಎಂದು ಕಾರ್ಡನ್ನು ಓದಿ ಹೇಳುತ್ತಿದ್ದರು. ಲಾರಿ ನಂಬರು ಬರೆದುಕೊಳ್ಳುವ ಕೈ, ಇದನ್ನೂ ಬರೆದುಕೊಂಡಿತು. ನಾನು ಡಬ್ಬಿ ಕಿತ್ತುಕೊಂಡು ಆ ಭಾಗ ಕತ್ತರಿಸಿ ಚೂರು ಮಾಡಿದೆ. ಅಪ್ಪನಿಗೆ ಸಿಟ್ಟು ಬಂತು. ಕೂರಿಸಿ ಹೇಳಿದೆ: ಗಿರಾಕಿ ನಂಬರು ಹಾಕುವುದು ನಮ್ಮ ಪುಟದಲ್ಲಿ ಅಲ್ಲ, ಗೇಟ್‌ವೇಯವರ ಪುಟದಲ್ಲಿ. ಅಲ್ಲಿಂದ ಅದು ಅವರ ಬ್ಯಾಂಕಿಗೆ, ಕಾರ್ಡಿನ ಜಾಲಕ್ಕೆ, ಕಾರ್ಡು ಕೊಟ್ಟ ಬ್ಯಾಂಕಿಗೆ ಹೋಗಿ ‘ಆಗಲಿ’ ಎಂಬ ಮಾತು ಹೊತ್ತು ಕೆಲವೇ ಕ್ಷಣದಲ್ಲಿ ತಿರುಗಿ ಬರುತ್ತದೆ. ನಮಗೆ ಬರುವುದು ಆ ‘ಆಗಲಿ’ ಮಾತ್ರ. ಅಂಕಿ ನಮ್ಮ ಮನೆಯಲ್ಲಿ ಇದ್ದರೆ, ನಾಳೆ ಯಾರೋ ಕದ್ದರೆ, ಕಳ್ಳತನ ನಮ್ಮ ಮನೆಯದೇ ಆಗುತ್ತದೆ. ಇದಕ್ಕೆಂದೇ ರಿಸರ್ವ್ ಬ್ಯಾಂಕು 2009ರ ಆಗಸ್ಟ್ 1ರಿಂದ, ಆನ್‌ಲೈನಿನಲ್ಲಿ ಕಾರ್ಡಿನ ಮೇಲೆ ಅಚ್ಚಾದ ಅಂಕಿಗಳಷ್ಟೇ ಸಾಲದು, ಗಿರಾಕಿಗೆ ಮಾತ್ರ ಗೊತ್ತಿರುವ ಇನ್ನೊಂದು ಗುರುತೂ ಬೇಕು ಎಂದು ಕಡ್ಡಾಯ ಮಾಡಿತು. ಮೊಬೈಲಿಗೆ ಬರುವ ಓಟಿಪಿ ಅದರ ಇವತ್ತಿನ ರೂಪ. 2022ರ ಅಕ್ಟೋಬರ್‌ನಿಂದ ವ್ಯಾಪಾರಿಗಳು ಕಾರ್ಡಿನ ಅಂಕಿ ಇಟ್ಟುಕೊಳ್ಳುವುದೇ ನಿಂತಿತು.

ಸಿಟ್ಟು ಇಳಿಯಲೆಂದು ಅಪ್ಪನಿಗೆ ಆ ಅಂಕಿಗಳ ಗುಟ್ಟೊಂದನ್ನೂ ಹೇಳಿದೆ. ಹದಿನಾರು ಅಂಕಿಯ ಕಾರ್ಡಿನಲ್ಲಿ ಕೊನೆಯ ಅಂಕಿ ತನ್ನಷ್ಟಕ್ಕೆ ಏನೂ ಅಲ್ಲ, ಮೊದಲ ಹದಿನೈದನ್ನು ತಾಳೆ ನೋಡಲು ಇಟ್ಟದ್ದು. ಬಲಗಡೆಯಿಂದ ಒಂದು ಬಿಟ್ಟು ಒಂದನ್ನು ಇಮ್ಮಡಿ ಮಾಡಿ, ಎರಡಂಕಿ ಬಂದರೆ ಅವೆರಡನ್ನು ಕೂಡಿ, ಎಲ್ಲವನ್ನೂ ಕೂಡಿಸಿದರೆ ಮೊತ್ತದ ಕೊನೆಗೆ ಸೊನ್ನೆ ಬರಬೇಕು. ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ 1950ರ ದಶಕದಲ್ಲಿ ಕಟ್ಟಿದ ಲೆಕ್ಕ. ಅಪ್ಪ ತನ್ನದೇ ಕಾರ್ಡು ತೆಗೆದು ಬೆರಳೆಣಿಸಿ ಮಾಡಿ ನೋಡಿದ. ಸೊನ್ನೆ ಬಂತು. ತಾಳೆ ಆಗುವ ಲೆಕ್ಕ ಕಂಡರೆ ಅವನ ಮುಖ ಅರಳುತ್ತದೆ.

ಎಲ್ಲ ಸಲವೂ ತಾಳೆ ಆಗಲಿಲ್ಲ. 2019ರ ದೀಪಾವಳಿಯ ಮುಂಚೆ ಸಿರುಗುಪ್ಪದ ರೈತರೊಬ್ಬರು ಮಕ್ಕಳಿಗೆಂದು ಎರಡು ಪ್ಯಾಂಟು ತರಿಸಲು ಕಾರ್ಡಿನಲ್ಲಿ ಕಟ್ಟಿದರು. ಅವರ ಖಾತೆಯಿಂದ ದುಡ್ಡು ಕಟ್ಟಾಯಿತು, ನಮ್ಮ ಕಡೆ ಆರ್ಡರೇ ಮೂಡಲಿಲ್ಲ. ಎರಡು ದಿನ ಫೋನಿನಲ್ಲಿ ಬೈದರು. ಮೂರನೆಯ ದಿನ, ಐವತ್ತು ಕಿಲೋಮೀಟರಿಗೂ ಮೇಲೆ ಬಸ್ಸಿನಲ್ಲಿ ಬಂದು ಪ್ಲಾಸ್ಟಿಕ್ ಚೀಲದಲ್ಲಿ ಪಾಸ್‌ಬುಕ್ಕು, ಕಾರ್ಡು ಹಿಡಿದು ನಮ್ಮ ಬಾಗಿಲಲ್ಲಿ ನಿಂತರು. ಭತ್ತದ ಕೊಯ್ಲಿನ ಮುಂದೆ ಒಂದು ದಿನ ಹಾಳು ಮಾಡಿಕೊಂಡು ಬಂದವರು. ಅಪ್ಪ ಕೂರಿಸಿ ಚಹಾ ಕೊಟ್ಟ. “ದುಡ್ಡು ಎಲ್ಲಿಗೂ ಹೋಗಿಲ್ಲ ಗೌಡ್ರೆ. ಹಾದಿಯಾಗೈತೆ. ನಮಗೂ ಬಂದಿಲ್ಲ, ನಿಮಗೂ ತಿರುಗಿ ಬಂದಿಲ್ಲ” ಎಂದು ಹೇಳಿ ಎರಡು ಪ್ಯಾಂಟು ಕಟ್ಟಿ ಕೈಗಿಟ್ಟ. ಆ ವರ್ಷದ ಸೆಪ್ಟೆಂಬರ್ 20ರಂದಷ್ಟೇ ರಿಸರ್ವ್ ಬ್ಯಾಂಕು ಆದೇಶ ಹೊರಡಿಸಿತ್ತು: ಹೀಗೆ ಅರ್ಧದಲ್ಲಿ ನಿಂತ ಕಾರ್ಡಿನ ದುಡ್ಡು ಐದು ದಿನದೊಳಗೆ ತಾನಾಗಿ ಗಿರಾಕಿಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದನ್ನು ಅವರಿಗೆ ಓದಿ ಹೇಳಿದೆ. ದುಡ್ಡು ಅವರ ಖಾತೆಗೆ ತಿರುಗಿ ಬಂತು. ಮತ್ತೆ ಅದೇ ಪುಟದಲ್ಲಿ ಕಟ್ಟಿ ಎಂದರೆ ಒಪ್ಪಲಿಲ್ಲ. ಬಳ್ಳಾರಿಯಲ್ಲಿ ಓದುತ್ತಿದ್ದ ಅಣ್ಣನ ಮಗನ ಕೈಯಲ್ಲಿ ನಗದು ಕಳಿಸಿದರು. ಆ ಮೇಲೆ ಎಷ್ಟೋ ಸಲ ಬಟ್ಟೆ ಕೊಂಡಿದ್ದಾರೆ, ಯಾವತ್ತೂ ಕಾರ್ಡಿನಲ್ಲಿ ಅಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಒಮ್ಮೆಯೂ ಆನ್‌ಲೈನಿನಲ್ಲಿ ಬಳಸದ ಕಾರ್ಡುಗಳಲ್ಲಿ ಆ ಸೌಲಭ್ಯ ಮುಚ್ಚಿಡಬೇಕು, ಬೇಕಾದವರು ತಾವೇ ತೆರೆದುಕೊಳ್ಳಲಿ ಎಂಬ ನಿಯಮ 2020ರಲ್ಲಿ ಬಂತು. ಕಳ್ಳರಿಂದ ಕಾಯಲು ಒಳ್ಳೆಯ ನಿಯಮ. ಆದರೆ ಕುರುಗೋಡು, ತೆಕ್ಕಲಕೋಟೆಯಂಥ ಊರುಗಳಲ್ಲಿ ಮೊದಲ ಸಲ ಕಟ್ಟಲು ಹೋದವರಿಗೆ ‘ಆಗುವುದಿಲ್ಲ’ ಎಂದಷ್ಟೇ ಕಾಣುತ್ತಿತ್ತು, ಯಾಕೆಂದು ಕಾಣುತ್ತಿರಲಿಲ್ಲ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ನಾನು ಪ್ಯಾಂಟು ಮಾರಿದ್ದಕ್ಕಿಂತ ಹೆಚ್ಚಾಗಿ, ಕಾರ್ಡನ್ನು ಎಲ್ಲಿ ತೆರೆಯಬೇಕೆಂದು ಫೋನಿನಲ್ಲಿ ಹೇಳಿಕೊಟ್ಟೆ. ಆ ಪರದೆಗಳು ಇಂಗ್ಲಿಷಿನಲ್ಲಿ ಇರುತ್ತಿದ್ದವು. ಅಷ್ಟನ್ನು ಕನ್ನಡದಲ್ಲಿ ಕೊಡಬೇಕಿತ್ತು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಈಗ ಬಹುಪಾಲು ಜನ ಫೋನಿನಿಂದ ಯುಪಿಐ ಮಾಡುತ್ತಾರೆ. 2020ರ ಜನವರಿಯಿಂದ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ ವ್ಯಾಪಾರಿಯಿಂದ ನೂರಕ್ಕೆ ಎರಡರಂಥ ಶುಲ್ಕ ಹಿಡಿಯುವಂತಿಲ್ಲ. ಕ್ರೆಡಿಟ್ ಕಾರ್ಡಿನವರು ಹೊರ ಊರುಗಳಿಂದ ಬರುತ್ತಲೇ ಇರುತ್ತಾರೆ, ಅದಕ್ಕೆ ನೂರಕ್ಕೆ ಎರಡು ಹೋಗುತ್ತಲೇ ಇದೆ. ಉದ್ರಿಯ ಪಾರ್ಟಿಗಳನ್ನು ನಾವು ಪೂರ್ತಿ ಬಿಟ್ಟಿಲ್ಲ, ಬಿಡಲು ಆಗುವುದೂ ಇಲ್ಲ. ಆದರೆ 2018ರ ನಂತರ ಥಾನಿಗೆಂದು ಅಪ್ಪ ಬಡ್ಡಿ ಸಾಲ ಎತ್ತಿಲ್ಲ. ವಾಪಸು ಬಂದ ಪ್ಯಾಂಟುಗಳಲ್ಲಿ ನಮಗೆ ಹಿಡಿದ ಶುಲ್ಕ ತಿರುಗಿ ಬರುವುದಿಲ್ಲ. ಆ ಇಪ್ಪತ್ತು ರೂಪಾಯಿ ಆರು ಪೈಸೆಯನ್ನು ಅಪ್ಪ ‘ಟೇಪಿನ ಖರ್ಚು’ ಎಂಬ ತಲೆಬರಹದಡಿ ಬರೆಯುತ್ತಾನೆ.

ಬಳ್ಳಾರಿಯಲ್ಲಿ, ಸುತ್ತಲ ಊರುಗಳಲ್ಲಿ ಪಡಸಾಲೆಯಲ್ಲೇ ಮಿಷನ್ನು ಇಟ್ಟುಕೊಂಡು ಬೇರೆಯವರ ಲೇಬಲ್ಲಿಗೆ ಹೊಲಿಯುವ ಅಣ್ಣ ಅಕ್ಕಂದಿರು ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ. ನಿಮ್ಮ ಹೆಸರಿನಲ್ಲೇ ಒಂದು ಪುಟ ತೆರೆಯಿರಿ, ಚಾಲ್ತಿ ಖಾತೆ ಮಾಡಿಸಿ, ಕಾಗದಗಳಲ್ಲಿ ಊರಿನ ಕಾಗುಣಿತ ಒಂದೇ ಇರುವಂತೆ ನೋಡಿಕೊಳ್ಳಿ. ವಾಪಸಿನ ನಿಯಮವನ್ನು ಮಾತ್ರ ಯಾರದನ್ನೂ ನಕಲು ಮಾಡಬೇಡಿ, ನಿಮ್ಮ ಮಾತಿನಲ್ಲಿ ನೀವೇ ಬರೆಯಿರಿ. ಬರೆಯಲು ಕೂರುವ ಮುಂಚೆ ವಾಷಿಂಗ್‌ನಿಂದ ಬಂದ ಕಟ್ಟೊಂದನ್ನು ಬಿಚ್ಚಿ, ನಿಮ್ಮ 34 ಎಷ್ಟು ಇಂಚಿದೆ ಅಳೆದು ನೋಡಿ.